ಪ್ರಭಾದೇವಿ ನಿಲ್ದಾಣದ ಪಕ್ಕದ ಗಾಜಿನ ಗೋಪುರ

ಮುಂಬಯಿಯಲ್ಲಿ ಬೆಳಿಗ್ಗೆ ದಾದರ್ ದಾಟಿದ ಸ್ಲೋ ಲೋಕಲ್ ಪ್ರಭಾದೇವಿಯಲ್ಲಿ ನಿಂತಿದ್ದೇ ತಡ, ಡಬ್ಬಿ ಅರ್ಧಕ್ಕರ್ಧ ಖಾಲಿ. ಇಳಿದವರಲ್ಲಿ ಹೆಚ್ಚಿನವರ ಕೊರಳಲ್ಲಿ ಕಂಪನಿಯ ಐಡಿ ಕಾರ್ಡು. 2018ರವರೆಗೆ ಇದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣ. ಪಶ್ಚಿಮಕ್ಕೆ ಕತ್ತೆತ್ತಿದರೆ ಸೇನಾಪತಿ ಬಾಪಟ್ ಮಾರ್ಗದ ಗಾಜಿನ ಗೋಪುರಗಳು, ಅವುಗಳ ಮೈತುಂಬ ಮಳೆಮೋಡ. ಚೆಂದವಿವೆ, ಅದರಲ್ಲಿ ಎರಡು ಮಾತಿಲ್ಲ.

"ಜುಪಿಟರ್ ಮಿಲ್ ಇಲ್ಲೇ ಇದ್ದಿತ್. ಭೋಂಗಾ ಕೂಗ್ರೆ ಸಾಕ್ ಕಾಣ್, ಗಡಿಯಾರ ಎಂತಕ್?" ಎಂದರು ಜೊತೆಗಿದ್ದ ಚಿಕ್ಕಪ್ಪ. ಭೋಂಗಾ ಎಂದರೆ ಬಟ್ಟೆ ಗಿರಣಿಯ ಸೈರನ್. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಹಗಲು ಪರೇಲಿನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು ಅವರು. ಪಾಳಿ ಬಿಟ್ಟಾಗ ಚಹಾಕ್ಕೆ ಮುತ್ತುತ್ತಿದ್ದ ಕಾರ್ಮಿಕರು 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಹೂಡಿದರು. ಗಿರಣಗಾಂವ್, ಅಂದರೆ ಈ ಗಿರಣಿಗಳ ಊರು, ಮತ್ತೆ ಮೊದಲಿನಂತಾಗಲಿಲ್ಲ. 2005ರಲ್ಲಿ ರಾಷ್ಟ್ರೀಯ ಜವಳಿ ನಿಗಮ ಜುಪಿಟರ್ ಮಿಲ್ಲಿನ ಜಾಗವನ್ನು ಹರಾಜು ಹಾಕಿತು; ಅಲ್ಲೇ ಈಗ ಗಾಜಿನ ಗೋಪುರ.

ಗೋಪುರಕ್ಕಿಂತ ನನ್ನನ್ನು ಕಾಡಿದ್ದು ಅದರ ಬುಡದ ನಿಲ್ದಾಣ. ಮಿಲ್ಲಿನವರಲ್ಲಿ ಬಹಳಷ್ಟು ಮಂದಿ ಸುತ್ತಲಿನ ಚಾಳುಗಳಲ್ಲೇ ಇದ್ದು ನಡೆದು ಕೆಲಸಕ್ಕೆ ಬರುತ್ತಿದ್ದರು. ಈಗಿನವರು ವಿರಾರ್, ಕಲ್ಯಾಣದಂಥ ದೂರದೂರುಗಳಿಂದ ರೈಲಿನಲ್ಲೇ ಬರಬೇಕು. ಕಟ್ಟಡಗಳು ಮೇಲೆ ಮೇಲೆ ಬೆಳೆದವು, ನಿಲ್ದಾಣದ ಮೆಟ್ಟಿಲುಗಳು ಇದ್ದಷ್ಟೇ ಉಳಿದವು. 2017ರ ಸೆಪ್ಟೆಂಬರ್ 29, ದಸರೆಯ ಹಿಂದಿನ ದಿನ. ಮಳೆಗೆ ನಿಲ್ದಾಣದ ಪಾದಚಾರಿ ಸೇತುವೆಯ ಮೇಲೆ ಜನ ಒತ್ತಾಗಿ ನಿಂತಿದ್ದಾಗ ಕಾಲ್ತುಳಿತವಾಗಿ 23 ಮಂದಿ ತೀರಿಕೊಂಡರು. ಕಚೇರಿಗೆ ಹೊರಟಿದ್ದವರು, ಹೂವು ಕೊಳ್ಳಲು ಬಂದವರು. ಆಮೇಲೆ ಸೇನೆಯವರು ಬಂದು ಹೊಸ ಪಾದಚಾರಿ ಸೇತುವೆ ಕಟ್ಟಿದರು; 2018ರ ಫೆಬ್ರವರಿಯಲ್ಲಿ ಅದು ಜನರಿಗೆ ತೆರೆಯಿತು. ಗೋಪುರದ ನಕ್ಷೆಗೆ ಒಪ್ಪಿಗೆ ಕೊಡುವಾಗಲೇ ಅಲ್ಲಿಗೆ ಬರುವವರ ದಾರಿಯನ್ನೂ ಅಳೆಯಬೇಕಿತ್ತು. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಹೂವಿನ ಬುಟ್ಟಿ, ಲ್ಯಾಪ್‌ಟಾಪ್ ಚೀಲ, ಕೆಇಎಂ ಆಸ್ಪತ್ರೆಗೆ ಹೊರಟ ರೋಗಿಗಳ ನಡುವೆ ಸೇತುವೆ ದಾಟಿ ಪರೇಲ್ ಕಡೆ ಇಳಿದೆವು. ಸೆಂಟ್ರಲ್ ಲೈನಿನ ಲೋಕಲ್ ಹಿಡಿದರೆ ಮಾಟುಂಗ ಹತ್ತಿರ. ಅಲ್ಲಿ ನಿಲ್ದಾಣದ ಬಳಿಯೇ 1942ರಿಂದ ನಡೆದುಬಂದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಬಾಳೆಲೆಯ ಮುಂದೆ ಕೂತ ಚಿಕ್ಕಪ್ಪ, ಮುಷ್ಕರದ ವರ್ಷ ತಮ್ಮ ಹೋಟೆಲಿನಲ್ಲಿ ಯಾರ‍್ಯಾರ ಸಾಲ ಬರೆದಿಟ್ಟಿದ್ದರೆಂದು ಒಬ್ಬೊಬ್ಬರನ್ನೇ ನೆನೆಯುತ್ತ ಹೋದರು.