ಆಲೆಮನೆ ಲೆಕ್ಕದ ಆ್ಯಪ್: ತೂಕದ ಪುಟ ಓಡ್ತಿದೆ

ಮಂಡ್ಯ ಹತ್ತಿರ ನಮ್ಮ ದೊಡ್ಡಪ್ಪನ ಆಲೆಮನೆಗೆ ಅಂತ ಮಾಡ್ತಿರೋ ಆ್ಯಪ್‌ನಲ್ಲಿ ಕಬ್ಬಿನ ತೂಕ ಬರೆಯೋ ಪುಟ ಕೆಲಸಕ್ಕೆ ಬಂತು. ರೈತರ ಹೆಸರು, ಟನ್ನು, ಕೊಟ್ಟ ಮುಂಗಡ ಇಷ್ಟು ಸೇರಿದೆ. ಆಳುಗಳ ಬಟವಾಡೆ ಬಾಕಿ.

ಆ್ಯಪನ್ನ ಒಂದೇ ಸಲಕ್ಕಲ್ಲ, ಸ್ವಲ್ಪ ಕಟ್ಟಿ, ತೋರಿಸಿ, ತಿದ್ದಿ, ಹೀಗೆ ಸುತ್ತು ಸುತ್ತಾಗಿ ಕಟ್ಟಬೇಕು ಅನ್ನೋದರಲ್ಲಿ ಅನುಮಾನ ಇರಲಿಲ್ಲ. ವಾಟರ್‌ಫಾಲ್ (ಒಂದು ಹಂತ ಪೂರ್ತಿ ಮುಗಿಸಿ ಮುಂದಿನದಕ್ಕೆ ಇಳಿಯೋ, ಹಿಂದೆ ತಿರುಗದ ಕ್ರಮ) ಚಿತ್ರ ಅಂತ ಎಲ್ಲರೂ ತೋರಿಸೋ 1970ರ ಲೇಖನದಲ್ಲೇ ವಿನ್‌ಸ್ಟನ್ ರಾಯ್ಸ್, ಹಾಗೆ ನೇರ ಇಳಿಯೋದು ಅಪಾಯ ಅಂತಲೂ ಬರೆದಿದ್ದರು. ನನಗಿದ್ದ ಪ್ರಶ್ನೆ, ಯಾವ ಸುತ್ತಲ್ಲಿ ಏನು ಮಾಡೋದನ್ನ ಯಾವುದು ತೀರ್ಮಾನಿಸಬೇಕು ಅನ್ನೋದು.

ಸ್ಕ್ರಮ್ ಅನ್ನೋ ಕೆಲಸದ ಕ್ರಮದಲ್ಲಿ ಗಡುವು ಗಟ್ಟಿ: ಸ್ಪ್ರಿಂಟ್, ಅಂದರೆ ಅದರ ಒಂದು ಸುತ್ತು, ಒಂದು ತಿಂಗಳು ಮೀರೋ ಹಾಗಿಲ್ಲ, ಮುಗಿಯೋ ಹೊತ್ತಿಗೆ ಬಳಸುವಂಥದ್ದು ಕೈಯಲ್ಲಿರಬೇಕು. ತಂಡಕ್ಕೆ ಅದು ಒಳ್ಳೆಯದೇ. ರಾತ್ರಿ ಬಿಡುವಲ್ಲಿ ಒಬ್ಬನೇ ಕೋಡ್ ಬರೆಯೋನಿಗೆ ಗಡುವಿಗಿಂತ ಯಾವುದು ಮೊದಲು ಅನ್ನೋದೇ ಮುಖ್ಯ. ರ‍್ಯಾಷನಲ್ ಯೂನಿಫೈಡ್ ಪ್ರೋಸೆಸ್ ಅನ್ನೋ ಇನ್ನೊಂದು ಕ್ರಮದ ನಾಲ್ಕು ಹಂತ ಓದಿ ಪಕ್ಕಕ್ಕಿಟ್ಟೆ, ಕಾಗದಪತ್ರವೇ ಜಾಸ್ತಿ. ನಾನು ಹಿಡಿದದ್ದು ಬ್ಯಾರಿ ಬೋಮ್ 1986ರಲ್ಲಿ ಮುಂದಿಟ್ಟ ಸ್ಪೈರಲ್ (ಸುರುಳಿ) ಕ್ರಮ. ಪ್ರತಿ ಸುತ್ತಿಗೂ ಮೊದಲು ಅದು ಕೇಳೋದು: ಇಡೀ ಕೆಲಸವನ್ನ ಮುಳುಗಿಸಬಲ್ಲದ್ದು ಯಾವುದು? ಅದನ್ನ ಮೊದಲು ಪರೀಕ್ಷೆ ಮಾಡು.

ಇಲ್ಲಿ ಮುಳುಗಿಸಬಲ್ಲದ್ದು ಡೇಟಾಬೇಸ್ ಅಲ್ಲ, ಕೈ. ಪಾಕ ಅಂಟಿದ ಬೆರಳು, ಕೊಪ್ಪರಿಗೆಯ ಹಬೆ, ಬಿಸಿಲಿಗೆ ಕಾಣದ ಸ್ಕ್ರೀನು. ಚೀಟಿ ಪುಸ್ತಕ ಬಿಟ್ಟು ಫೋನ್ ಒತ್ತುತ್ತಾರಾ? ಅದಕ್ಕೇ ಕೋಡ್‌ಗೆ ಮೊದಲು ರಟ್ಟಿನ ಮೇಲೆ ಅಂಕಿಗಳನ್ನ ದಪ್ಪಕ್ಕೆ ಬರೆದು ತೂಕ ಬರೆದುಕೊಳ್ಳೋ ಹುಡುಗನ ಕೈಗೆ ಕೊಟ್ಟೆ. ಅವನು ಎಡಗೈ ಹೆಬ್ಬೆರಳಲ್ಲೇ ಒತ್ತಿದ, ಬಲಗೈ ಕಬ್ಬಿನ ಕಂತೆ ಮೇಲೆ. ಹಾಗಾಗಿ ಅಂಕಿಗಳೆಲ್ಲ ಈಗ ಸ್ಕ್ರೀನಿನ ಎಡಕ್ಕೆ, ಕೆಳಕ್ಕೆ ಕೂತಿವೆ. ಲಾಗಿನ್ ತೆಗೆದೆ.

ಓಡೋ ಪುಟ ನೋಡಿದ ದೊಡ್ಡಪ್ಪ, "ಗಾಡಿ ನಂಬ್ರ ತಕ್ಕಂಡು ಏನ್ ಮಾಡೀಯೆ ಮಗಾ? ಯಾರ ಗದ್ದೆ ಕಬ್ಬು ಅಂತ ಮೊದ್ಲು ಕೇಳ್ಲಿ ಅದು" ಅಂದರು. ಬಳಸೋರು ಪಕ್ಕದಲ್ಲೇ ಕೂತಿರಬೇಕು ಅಂತ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಅನ್ನೋ ಮತ್ತೊಂದು ಕ್ರಮ ಹೇಳೋದು ಇಂಥ ಮಾತಿಗಾಗಿಯೇ. ಅದೊಂದನ್ನ ಅಲ್ಲಿಂದ ತಗೊಂಡು ಸ್ಪೈರಲ್‌ಗೆ ಸೇರಿಸಿಕೊಂಡಿದ್ದೀನಿ.

ಈಗಿನ ದೊಡ್ಡ ಅಪಾಯ ನೆಟ್‌ವರ್ಕ್ ಇಲ್ಲದ ಹೊತ್ತು. ಒಂದೇ ಮುಂಗಡವನ್ನ ಇಬ್ಬರು ಎರಡು ಫೋನಲ್ಲಿ ಬರೆದರೆ, ಸಿಗ್ನಲ್ ಬಂದಾಗ ಅದು ಎರಡು ಸಲ ಕೂಡಬಾರದು. ಮುಂದಿನ ಸುತ್ತು ಪೂರ್ತಿ ಅದಕ್ಕೇ. ಬಟವಾಡೆ ಪುಟ ಆಮೇಲೆ.