ಟೆಕ್ಸಾಸ್‌ನಲ್ಲಿ ಉಳಿದವರು

ನಮ್ಮ ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ‘ಯಂಗ್ ಶೆಲ್ಡನ್’ ಎಂಬ ಅಮೆರಿಕದ ಹಾಸ್ಯ ಧಾರಾವಾಹಿಯ ಏಳು ಸೀಸನ್‌ಗಳನ್ನು, ಅಂದರೆ ಒಟ್ಟು 141 ಕಂತುಗಳನ್ನು, ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯಲ್ಲಿ ಕುಳಿತು ನೋಡಿ ಮುಗಿಸಿದ್ದಾಳೆ. ಕಾರಣ ಇಷ್ಟೇ: ಕಥೆ ನಡೆಯುವುದು ಟೆಕ್ಸಾಸ್‌ನಲ್ಲಿ, ನನ್ನ ತಮ್ಮ ಇರುವುದು ಡಲ್ಲಾಸ್‌ನಲ್ಲಿ. ಮಗನಿರುವ ರಾಜ್ಯದ ಮನೆಗಳು ಹೇಗಿರುತ್ತವೆ, ಅಂಗಳದಲ್ಲಿ ಏನು ಬೆಳೆಯುತ್ತಾರೆ, ಬಿಸಿಲು ನಮ್ಮಷ್ಟೇ ಇರುತ್ತದೆಯೇ ಎಂದು ನೋಡುವ ಆಸೆ ಆಕೆಗೆ. ಕಥೆಯ ಮೆಡ್‌ಫರ್ಡ್ ಎಂಬ ಊರು ಬರಿಯ ಕಲ್ಪನೆ, ಆ ಮನೆ ಇರುವುದು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನ ಸ್ಟುಡಿಯೊದಲ್ಲಿ ಎಂಬ ಗುಟ್ಟನ್ನು ನಾನು ಇಂದಿಗೂ ಆಕೆಗೆ ಹೇಳಿಲ್ಲ.

ನಾನು ದುಭಾಷಿ. ಶಾಲೆಯಿಂದ ಬಂದು, ಚಹಾ ಕುಡಿದು, ದಿನಕ್ಕೆ ಎರಡು ಕಂತು. ಖಾತೆ ತಮ್ಮನದು, ತಿಂಗಳ ಹಣ ಕಟ್ಟುವವನೂ ಅವನೇ. ಮೊದಮೊದಲು ಪ್ರತಿ ಮಾತನ್ನೂ ಕನ್ನಡಕ್ಕೆ ತರುತ್ತಿದ್ದೆ. ಎರಡನೆಯ ಸೀಸನ್ ಹೊತ್ತಿಗೆ ಅವ್ವನೇ ಕೈ ಬೀಸಿ ಸುಮ್ಮನಿರಿಸುತ್ತಿದ್ದಳು. ಒಂಬತ್ತು ವರ್ಷಕ್ಕೇ ಹೈಸ್ಕೂಲು ಸೇರಿದ ಜಾಣ ಹುಡುಗ ಶೆಲ್ಡನ್, ಫುಟ್‌ಬಾಲ್ ಕೋಚ್ ಆದ ತಂದೆ ಜಾರ್ಜ್, ದೇವಭಕ್ತೆ ತಾಯಿ ಮೇರಿ, ಓದು ಬಿಟ್ಟು ದುಡಿಮೆಗೆ ನಿಂತ ಅಣ್ಣ ಜಾರ್ಜಿ, ಅವಳಿ ತಂಗಿ ಮಿಸ್ಸಿ, ಎದುರು ಮನೆಯ ಅಜ್ಜಿ. ಇವರಲ್ಲಿ ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆಂದು ತಿಳಿಯಲು ಭಾಷೆ ಏಕೆ ಬೇಕು?

ಇದು ‘ದ ಬಿಗ್ ಬ್ಯಾಂಗ್ ಥಿಯರಿ’ ಎಂಬ ಧಾರಾವಾಹಿಯ ಕವಲು. ಆ ಮೂಲ ಕಥೆ 2007ರಿಂದ 2019ರವರೆಗೆ ಓಡಿತು. ಅಲ್ಲಿ ಶೆಲ್ಡನ್ ಬೆಳೆದು ದೊಡ್ಡವನಾದ ಭೌತವಿಜ್ಞಾನಿ. ತಾನು ಹದಿನಾಲ್ಕು ವರ್ಷದವನಿದ್ದಾಗ ತಂದೆ ತೀರಿಕೊಂಡರೆಂದು ಅಲ್ಲಿಯೇ ಹೇಳಿಬಿಟ್ಟಿದ್ದ. ಹಾಗಾಗಿ 2017ರಲ್ಲಿ ಕವಲು ಕಥೆಯ ಮೊದಲ ಕಂತು ಬಂದಾಗಲೇ ಜಾರ್ಜ್‌ನ ಸಾವು ನಿಗದಿಯಾಗಿತ್ತು. ನನಗೆ ಗೊತ್ತಿತ್ತು. ಅವ್ವನಿಗೆ ಗೊತ್ತಿರಲಿಲ್ಲ. ಹೇಳಲು ಬಾಯಿ ಬರಲಿಲ್ಲ, ಏಕೆಂದರೆ ಆ ಮನೆಯಲ್ಲಿ ಅವ್ವನಿಗೆ ಇಷ್ಟವಾದವನು ಜಾರ್ಜ್ ಒಬ್ಬನೇ. ಕೆಲಸದಿಂದ ಬಂದು ಕುರ್ಚಿಯಲ್ಲಿ ಉಸ್ಸೆಂದು ಕುಳಿತರೆ, ‘ಥೇಟ್ ನಿಮ್ಮ ಅಪ್ಪ’ ಎನ್ನುತ್ತಿದ್ದಳು. ಅಪ್ಪ ಬಸ್ ಕಂಡಕ್ಟರ್ ಆಗಿದ್ದರು. ಬಿಯರ್ ಒಂದನ್ನು ಬಿಟ್ಟರೆ ಹೋಲಿಕೆ ಸುಳ್ಳಲ್ಲ.

ಕೊನೆಯ ಕಂತುಗಳು ಅಮೆರಿಕದಲ್ಲಿ 2024ರ ಮೇ 16ರಂದು ಪ್ರಸಾರವಾಗಿದ್ದವು. ನಾವು ಅಲ್ಲಿಗೆ ತಲುಪಿದ್ದು ಮರುವರ್ಷದ ಮೇ ತಿಂಗಳಲ್ಲಿ. ಬೆಳಗಿನಿಂದ ಕಾದ ಗೋಡೆಗಳು ರಾತ್ರಿ ಎಂಟಕ್ಕೂ ಝಳ ಬಿಡುತ್ತಿದ್ದವು. ಕೂಲರ್‌ಗೆ ಎರಡು ಕೊಡ ನೀರು ಸುರಿದು ಕುಳಿತೆವು. ಅವ್ವ ವರ್ಷದ ತೊಗರಿ ಬೇಳೆಯನ್ನು ಮೊರದಲ್ಲಿ ಹರಡಿಕೊಂಡು ಹಸನು ಮಾಡುತ್ತಿದ್ದಳು. ಟಿವಿ ನೋಡುತ್ತಲೇ ಬೆರಳಿನಿಂದ ಕಲ್ಲು ಹುಡುಕುವುದು ಆಕೆಯ ರೂಢಿ.

ಸಾವಿನ ಸುದ್ದಿ ಬರುವುದು ಕೊನೆಯ ಎರಡು ಕಂತುಗಳಿಗೆ ಮೊದಲಿನದರಲ್ಲಿ. ಬೆಳಿಗ್ಗೆ ಜಾರ್ಜ್ ಕೆಲಸಕ್ಕೆ ಹೊರಡುತ್ತಾನೆ. ಬಾಗಿಲಲ್ಲಿ ಒಂದು ಮಾತು ಹೇಳುತ್ತಾನೆ. ಶೆಲ್ಡನ್ ಸೋಫಾದ ಮೇಲೆ ತನ್ನ ಲೋಕದಲ್ಲಿದ್ದಾನೆ, ತಲೆ ಎತ್ತುವುದಿಲ್ಲ.

‘ಏನೆಂದ?’ ಅವ್ವ ಕೇಳಿದಳು.

‘ಹೋಗಿ ಬರುತ್ತೇನೆ ಎಂದ.’

ಅಂದು ಕುಟುಂಬದ ಫೋಟೊ ತೆಗೆಸುವ ದಿನ. ಎಲ್ಲರೂ ಒಳ್ಳೆಯ ಬಟ್ಟೆ ಉಟ್ಟು ಅವನಿಗಾಗಿ ಕಾಯುತ್ತಿದ್ದಾರೆ. ಬಾಗಿಲಿಗೆ ಬಂದವರು ಅವನ ಜೊತೆಗೆ ಕೆಲಸ ಮಾಡುವ ಇಬ್ಬರು. ಆ ಮುಖಗಳನ್ನು ನೋಡಿದ ಕೂಡಲೇ ಅವ್ವನಿಗೆ ತಿಳಿಯಿತು. ನಾನು ಏನನ್ನೂ ಹೇಳಬೇಕಾಗಲಿಲ್ಲ. ಮೊರದಲ್ಲಿ ಬೆರಳು ನಿಂತಿತು. ಉಗುರಿಗೆ ಅಂಟಿದ ಒಂದು ಹೊಟ್ಟನ್ನು ತೆಗೆಯಲು ಹೋಗಿ, ತೆಗೆಯದೆ, ಕೈಯನ್ನು ಹಾಗೆಯೇ ಹಿಡಿದುಕೊಂಡಿದ್ದಳು.

‘ಹೋಗಿ ಬರುತ್ತೇನೆ ಎಂದನಲ್ಲ’ ಎಂದಳು ಕೊನೆಗೆ.

ಮುಂದಿನ ಕಂತು ಅಂತ್ಯಸಂಸ್ಕಾರ. ಅದನ್ನು ಮಾತ್ರ ನಾನು ಯಾವ ಕಾಲಕ್ಕೂ ತೆಗಳಲಾರೆ. ತಂದೆ ಬಾಗಿಲು ದಾಟಿದ ಆ ಗಳಿಗೆಯನ್ನು ಹುಡುಗ ಮನಸ್ಸಿನಲ್ಲಿ ಮತ್ತೆ ಮತ್ತೆ ನಡೆಸಿಕೊಳ್ಳುತ್ತಾನೆ. ಒಮ್ಮೆ ಉತ್ತರ ಕೊಡುತ್ತಾನೆ, ಒಮ್ಮೆ ಬೇರೆ ಏನೋ ಹೇಳಿ ನೋಡುತ್ತಾನೆ, ಮತ್ತೆ ಮೊದಲಿನಿಂದ. ನಾಲ್ಕು ವರ್ಷದ ಹಿಂದೆ ಅಪ್ಪ ಎದೆನೋವಿನಿಂದ ಹೋದಾಗ ನಾನು ಇದನ್ನೇ ಮಾಡುತ್ತಿದ್ದೆ. ಅವರು ಚಪ್ಪಲಿ ಮೆಟ್ಟುವಾಗ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ‘ಹೂಂ’ ಎಂದೆನೋ ಇಲ್ಲವೋ, ಈಗಲೂ ನೆನಪಾಗುವುದಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಕೊನೆಯ ಕಂತಿನಲ್ಲಿ ಇದ್ದಕ್ಕಿದ್ದಂತೆ ದೊಡ್ಡವನಾದ ಶೆಲ್ಡನ್ ಬರುತ್ತಾನೆ. ಮೂಲ ಕಥೆಯ ನಟ ಜಿಮ್ ಪಾರ್ಸನ್ಸ್, ಜೊತೆಗೆ ಹೆಂಡತಿಯಾಗಿ ಮಾಯಿಮ್ ಬಿಯಾಲಿಕ್. ಏಳು ಸೀಸನ್ ಉದ್ದಕ್ಕೂ ನಾವು ಕೇಳಿದ ಹಿನ್ನೆಲೆ ದನಿ ಅವನು ಬರೆಯುತ್ತಿರುವ ಆತ್ಮಕಥೆಯಂತೆ. ಮಗನ ಹಾಕಿ ಪಂದ್ಯಕ್ಕೆ ಹೋಗಬೇಕೋ ಬೇಡವೋ ಎಂದು ಗಂಡ ಹೆಂಡತಿಗೆ ವಾದ. ‘ಇವರು ಯಾರ ಮನೆಯವರು?’ ಎಂದಳು ಅವ್ವ. ಅವನೇ ಇವನು ಎಂದೆ. ನಂಬಲಿಲ್ಲ. ಅತ್ತ ಮಣ್ಣು ಮಾಡಿದ ಮನೆಯಲ್ಲಿ ಮೇರಿ ಹುಚ್ಚು ಹಿಡಿದವಳಂತೆ ದೇವರಿಗೆ ಮೊರೆಯಿಡುತ್ತಿದ್ದಾಳೆ, ಮಿಸ್ಸಿ ಕಂಡವರ ಮೇಲೆ ಹರಿಹಾಯುತ್ತಿದ್ದಾಳೆ, ಜಾರ್ಜಿ ಒಂದೇ ವಾರದಲ್ಲಿ ಹಿರಿಯನಾಗಿಬಿಟ್ಟಿದ್ದಾನೆ. ನೋಡಬೇಕಾದದ್ದು ಅಲ್ಲಿತ್ತು. ಕ್ಯಾಮೆರಾ ಮತ್ತೆ ಮತ್ತೆ ಹಾಕಿ ಪಂದ್ಯಕ್ಕೆ ಓಡುತ್ತಿತ್ತು. ತಾಯಿಯ ಸಮಾಧಾನಕ್ಕೆಂದು, ದೇವರನ್ನು ನಂಬದ ಹುಡುಗ ದೀಕ್ಷಾಸ್ನಾನಕ್ಕೆ ಒಪ್ಪಿ ನೀರಿಗಿಳಿಯುವುದೊಂದೇ ಆ ಕಂತಿನಲ್ಲಿ ನನಗೆ ಸಿಕ್ಕ ಕಲ್ಲಿಲ್ಲದ ಬೇಳೆ.

ಕಡೆಗೆ ಹುಡುಗ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಅಂಗಳದಲ್ಲಿ ನಿಂತಿದ್ದಾನೆ. ದಾರಿ ತಪ್ಪಿತೇ ಎಂದು ಯಾರೋ ಕೇಳುತ್ತಾರೆ. ‘ಎಲ್ಲಿರಬೇಕೋ ಅಲ್ಲೇ ಇದ್ದೇನೆ ಎಂದ’ ಎಂದು ಹೇಳಿದೆ. ಹೆಸರುಗಳು ಮೇಲೇರತೊಡಗಿದವು.

‘ಮುಂದಿನದು ಹಚ್ಚು.’

‘ಮುಗಿಯಿತು ಅವ್ವ.’

‘ಮುಗಿಯುವುದೆಂದರೇನು? ಆ ತಾಯಿ? ಆ ಹುಡುಗಿ?’

ಉತ್ತರ ನನ್ನಲ್ಲಿಯೂ ಇರಲಿಲ್ಲ. 2023ರಲ್ಲಿ ಹಾಲಿವುಡ್‌ನ ಬರಹಗಾರರೂ ನಟರೂ ಮುಷ್ಕರ ಹೂಡಿದ್ದರಿಂದ ಕೊನೆಯ ಸೀಸನ್ನಿಗೆ ಸಿಕ್ಕದ್ದು ಹದಿನಾಲ್ಕೇ ಕಂತು ಎಂದು ಸಮಜಾಯಿಷಿ ಕೊಡಬಹುದು. ಅದೂ ನಿಜವಾದ ಕಾರಣವಲ್ಲ. 2024ರ ಅಕ್ಟೋಬರ್‌ನಲ್ಲಿ ಜಾರ್ಜಿ ಮತ್ತು ಅವನ ಹೆಂಡತಿ ಮ್ಯಾಂಡಿಯ ಹೆಸರಿನಲ್ಲಿ ಕವಲಿನಿಂದ ಇನ್ನೊಂದು ಕವಲು ಹೊರಟಿತು. ಉಳಿದವರ ದುಃಖ ಬೇಕಿದ್ದರೆ ಮುಂದಿನ ಅಂಗಡಿಗೆ ಬನ್ನಿ ಎಂಬ ಲೆಕ್ಕ. ಅದನ್ನೂ ಹಚ್ಚಿ ನೋಡಿದೆವು. ಅದು ಪ್ರೇಕ್ಷಕರನ್ನು ಕೂರಿಸಿ ಚಿತ್ರೀಕರಿಸಿದ್ದು, ಮಾತಿಗೊಮ್ಮೆ ಜನ ಘೊಳ್ಳೆನ್ನುತ್ತಾರೆ. ‘ಸಾವಿನ ಮನೆಯವರನ್ನು ನೋಡಿ ನಗುತ್ತಿರುವವರು ಯಾರು?’ ಎಂದು ಅವ್ವ ಎದ್ದು ಹೋದಳು.

ನನ್ನ ಸಿಟ್ಟಿಗೆ ಬೇರೆಯದೂ ಒಂದು ಬೇರು ಇದೆ, ಮುಚ್ಚಿಡುವುದಿಲ್ಲ. ಅಪ್ಪ ಹೋದಾಗ ತಮ್ಮ ಬಂದದ್ದು ಮೂರನೆಯ ದಿನ, ಹೊರಟದ್ದು ಹದಿಮೂರನೆಯ ದಿನ. ರಜೆ ಅಷ್ಟೇ ಇತ್ತು, ತಪ್ಪು ಅವನದಲ್ಲ. ಆಮೇಲೆ ಮರಣ ಪ್ರಮಾಣಪತ್ರ ಹಿಡಿದು ಬ್ಯಾಂಕು, ಪಿಂಚಣಿ ಕಚೇರಿ ಎಂದು ಅಲೆದವಳು ನಾನು. ಮೊಳೆಗೆ ತೂಗುಬಿಟ್ಟ ಅಪ್ಪನ ಚರ್ಮದ ಚೀಲವನ್ನು ತೆಗೆಯಬೇಕೇ ಬೇಡವೇ ಎಂದು ಪ್ರತಿ ದೀಪಾವಳಿಗೆ ಅವ್ವನೊಡನೆ ಚರ್ಚಿಸುವವಳೂ ನಾನೇ. ನಮ್ಮ ಬಂಧುಬಳಗದಲ್ಲಿ ಯಾರೇ ನಮ್ಮ ಮನೆಯ ಕಥೆ ಹೇಳಿದರೂ ಅದು ಡಲ್ಲಾಸ್‌ಗೆ ಹೋಗಿ ಮುಗಿಯುತ್ತದೆ. ನಾನು ಮಿಸ್ಸಿಯ ಕಡೆಯವಳು.

ಭಾನುವಾರ ತಮ್ಮ ವಿಡಿಯೊ ಕರೆ ಮಾಡಿದ. ಕೊನೆಯ ಕಂತು ನೋಡಿದ್ದಾಗಿ ಹೇಳಿದೆ. ‘ಚೆನ್ನಾಗಿದೆ ಅಲ್ಲವೇ ಅಕ್ಕ? ಅಂತೂ ಕ್ಯಾಲ್‌ಟೆಕ್ ಸೇರಿಬಿಟ್ಟ’ ಎಂದ. ನಾನು ಏನಾದರೂ ಹೇಳುವ ಮೊದಲೇ ಅವ್ವ ಮೊಬೈಲ್ ಕಸಿದುಕೊಂಡಳು.

‘ಅಲ್ಲಿ ಮುಟ್ಟಿದ ಮೇಲೆ ಆ ಹುಡುಗ ತಾಯಿಗೆ ಫೋನ್ ಮಾಡಿದನೇನು?’

ತಮ್ಮ ನಕ್ಕ. ‘ಅದನ್ನು ತೋರಿಸುವುದಿಲ್ಲ ಅವ್ವ.’

ಅಂದು ಸಂಜೆ ಅವ್ವ ಮೊರ ಹಿಡಿದು ಬಂದು ಟಿವಿ ಮುಂದೆ ಕುಳಿತಳು. ಬೇಳೆ ಇನ್ನೂ ಅರ್ಧ ಚೀಲ ಉಳಿದಿತ್ತು. ಏನು ನೋಡುತ್ತೀ ಎಂದು ಕೇಳಿದೆ.

‘ಅದನ್ನೇ. ಆ ಗಂಡಸು ಇನ್ನೂ ಇರುವಲ್ಲಿಂದ ಹಚ್ಚು.’

ಮೊದಲ ಕಂತು ಹಚ್ಚಿದೆ. ಊಟದ ಮೊದಲಿನ ಪ್ರಾರ್ಥನೆಗೆ ಎಲ್ಲರೂ ಕೈ ಹಿಡಿಯಬೇಕಲ್ಲ, ಕ್ರಿಮಿಗಳ ಭಯಕ್ಕೆ ಶೆಲ್ಡನ್ ಕೈಗವಸು ಹಾಕಿಕೊಳ್ಳುತ್ತಾನೆ. ಅವ್ವ ಹೊಸದಾಗಿ ನೋಡುವವಳಂತೆ ನಕ್ಕಳು.