ನಲವತ್ತು ನಿಮಿಷ ಬರೀ ಪ್ರಶ್ನೆ: ಸಕಲೇಶಪುರದಲ್ಲಿ ಹಿರಿಯ ಅರಣ್ಯಾಧಿಕಾರಿಗಳ ತರಬೇತಿಯ ಒಂದು ದಿನ

ನವೆಂಬರ್ ಕೊನೆಯ ವಾರ, ಬೆಳಗ್ಗೆ ಆರೂವರೆ. ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರ ಗೇಟಿಗೆ ಇನ್ನೂ ಅರ್ಧ ಕಿಲೋಮೀಟರ್ ಇರುವಾಗಲೇ ಎರಡು ವ್ಯಾನ್ ನಿಂತವು. ರಸ್ತೆಯ ಆಸುಪಾಸಿನಲ್ಲಿ ಆನೆ ಇಲ್ಲ ಎಂದು ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಖಚಿತಪಡಿಸಿದ ಮೇಲೆ 24 ಮಂದಿ ಇಳಿದು ನಡೆದರು. ಎಲ್ಲರೂ ಸಿಸಿಎಫ್ (ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ) ದರ್ಜೆಯವರು, ಇಲ್ಲವೇ ಅದಕ್ಕೂ ಮೇಲಿನವರು. ಯಾರ ಮೈಮೇಲೂ ಯೂನಿಫಾರ್ಮ್ ಇಲ್ಲ. ಸ್ಥಳೀಯ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ), ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಜೊತೆಗೆ ಬರಬಾರದೆಂದು ಮೊದಲೇ ಮಾತಾಗಿತ್ತು. ನಾಯಕತ್ವ ತರಬೇತಿಯ ಕ್ಷೇತ್ರ ದಿನ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಗೂಟದ ಕಾರುಗಳು ಸಾಲಾಗಿ ಗೇಟಿಗೆ ಬಂದರೆ ಒಳಗೆ ಶಾಮಿಯಾನ ಏಳುತ್ತದೆ, ಪ್ಲಾಸ್ಟಿಕ್ ಕುರ್ಚಿ ಸಾಲಾಗುತ್ತವೆ, ಹಾರ ಬರುತ್ತದೆ, ಹಾರದ ಹಿಂದೆಯೇ ಮನವಿ ಪತ್ರ ಬರುತ್ತದೆ. ಆಮೇಲೆ ಕಲಿಯಲು ಏನೂ ಉಳಿಯುವುದಿಲ್ಲ.

ಡೆಹ್ರಾಡೂನಿನ ಇಂದಿರಾ ಗಾಂಧಿ ರಾಷ್ಟ್ರೀಯ ಅರಣ್ಯ ಅಕಾಡೆಮಿಯ ಮಧ್ಯಾವಧಿ ತರಬೇತಿ ಮುಗಿಸಿದವರಿಗೆ ಕಾನೂನು, ಬಜೆಟ್, ನಕ್ಷೆ ಇವನ್ನೆಲ್ಲ ಮತ್ತೆ ಹೇಳಿಕೊಡಬೇಕಿಲ್ಲ. ಇಪ್ಪತ್ತೈದು ವರ್ಷದ ಸೇವೆಯಲ್ಲಿ ಅವರಿಗೆ ತಪ್ಪಿಹೋಗಿರುವುದು ಕೇಳಿಸಿಕೊಳ್ಳುವ ಅಭ್ಯಾಸ. ಮೇಲೆ ಹೋದಷ್ಟೂ ಸುದ್ದಿ ಸೋಸಿ ಬರುತ್ತದೆ. ಆದ್ದರಿಂದ ಈ ದಿನವನ್ನು ಕೇಳುವುದರ ಮೇಲೆಯೇ ಕಟ್ಟಿದ್ದೆವು.

ಜಾಗವಾಗಿ ಸಕಲೇಶಪುರ, ಆಲೂರು ಭಾಗವನ್ನು ಆರಿಸಿದ್ದಕ್ಕೆ ಕಾರಣವಿದೆ. ಹೈಕೋರ್ಟ್ ಸೂಚನೆಯಂತೆ ರಚನೆಯಾಗಿ 2012ರಲ್ಲಿ ವರದಿ ಕೊಟ್ಟ ಕರ್ನಾಟಕ ಆನೆ ಕಾರ್ಯಪಡೆ ಎಂಬ ಸಮಿತಿ (ಮೇಲೆ ಹೇಳಿದ ಇಲಾಖೆಯ ಪಡೆ ಬೇರೆ) ರಾಜ್ಯದ ಆನೆ ನೆಲೆಗಳನ್ನು ಮೂರು ಬಗೆಯಾಗಿ ವಿಂಗಡಿಸಿತ್ತು: ಆನೆ ಸಂರಕ್ಷಣೆಗೆ ಒಂದು, ಸಹಬಾಳ್ವೆಗೆ ಒಂದು, ಆನೆಗಳನ್ನು ತೆರವು ಮಾಡಬೇಕಾದ್ದು ಒಂದು. ಈ ಭಾಗ ಬಂದದ್ದು ಮೂರನೆಯದರಲ್ಲಿ. 2014ರಲ್ಲಿ ಇಲ್ಲಿಂದ 22 ಆನೆ ಹಿಡಿದು ಸಾಗಿಸಿದರು. ಆನಂತರವೂ ತೋಟಗಳಿಗೆ ಆನೆ ಬರುವುದು ನಿಲ್ಲಲಿಲ್ಲ. ದೊಡ್ಡ ನಿರ್ಧಾರ ತೆಗೆದುಕೊಳ್ಳುವ ಕುರ್ಚಿಯಲ್ಲಿ ಕೂರುವವರು ಈ ನೆಲದ ಮೇಲೆ ನಿಂತು ಇದನ್ನು ಯೋಚಿಸಬೇಕು.

ತಿಂಗಳೂ ಬೇಕೆಂದೇ ಆರಿಸಿದ್ದು. ನವೆಂಬರಿನಲ್ಲಿ ಗದ್ದೆಯಲ್ಲಿ ಭತ್ತ ಬಲಿತಿರುತ್ತದೆ, ಅರೇಬಿಕಾ ಹಣ್ಣು ಕೊಯ್ಲು ಶುರುವಾಗಿರುತ್ತದೆ. ಆನೆಯೂ ಆಳೂ ಒಂದೇ ಜಾಗದಲ್ಲಿರುವ ಕಾಲ ಅದು. ಮಳೆಗಾಲದಲ್ಲಿ ಕರೆತಂದರೆ ಹಸಿರು ನೋಡಿಕೊಂಡು ಹೋಗುತ್ತಾರೆ.

ಮೊದಲ ಕೆಲಸ ಇಲಾಖೆಯ ಕಾರ್ಯಪಡೆಯ ಹುಡುಗರ ಹಿಂದೆ ಹೋಗುವುದು. ಆರು ಜನರ ನಾಲ್ಕು ತಂಡ. ಹೆಜ್ಜೆ, ಲದ್ದಿ, ಮುರಿದ ಬೈನೆ ಮರ, ಬಾಗಿದ ಕಾಫಿ ಗಿಡ ನೋಡಿ ರಾತ್ರಿ ಆನೆ ಯಾವ ದಿಕ್ಕಿಗೆ ಹೋಯಿತೆಂದು ಅವರು ಹೇಳುತ್ತಾರೆ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ದಾರದಿಂದ ಅಳೆದು ಎರಡರಿಂದ ಗುಣಿಸಿದರೆ ಆನೆಯ ಭುಜದ ಎತ್ತರ ಹೆಚ್ಚು ಕಡಿಮೆ ಸಿಗುತ್ತದೆ. ಇದು ಪುಸ್ತಕದಲ್ಲೂ ಇದೆ, ಆದರೆ ದಾರ ಹಿಡಿದು ಕೆಸರಿನಲ್ಲಿ ಕೂರುವುದೇ ಬೇರೆ. ಅಲ್ಲಿಂದ ಹೊರಟ ಮಾಹಿತಿ ಎಂಟು ಗಂಟೆಯೊಳಗೆ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಕೈಗೆ ತಲುಪಬೇಕು. ಆಳುಗಳನ್ನು ಯಾವ ಬ್ಲಾಕಿಗೆ ಕಳಿಸಬೇಕೆಂದು ಅವರು ತೀರ್ಮಾನಿಸುವುದು ಆ ಹೊತ್ತಿಗೆ. ಎಂಟೂವರೆಗೆ ಬಂದ ಸಂದೇಶದಿಂದ ಉಪಯೋಗವಿಲ್ಲ. ಕಣಿವೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಎಷ್ಟೋ ಆಳುಗಳಿಗೆ ಎಸ್‌ಎಂಎಸ್ ಓದಲು ಬರುವುದಿಲ್ಲ. ಅಂಥವರಿಗೆ ಧ್ವನಿ ಕರೆಯೇ ಮೇಲು.

ಕಂದಕ ಮತ್ತು ಬೇಲಿಗೆ ಹೆಚ್ಚು ಹೊತ್ತು ಕೊಡಲಿಲ್ಲ. ಮೂರು ಮೀಟರ್ ಅಗಲ, ಮೂರು ಮೀಟರ್ ಆಳದ ಆನೆ ಕಂದಕ ಮಲೆನಾಡಿನ ಮಳೆಗೆ ಅಂಚು ಕುಸಿಯುತ್ತದೆ. ಹಳ್ಳ ಹಾಯುವ ಕಡೆ ತೋಡಲು ಆಗುವುದೇ ಇಲ್ಲ, ಆನೆ ಅಲ್ಲೇ ದಾಟುತ್ತದೆ. ಸೋಲಾರ್ ಬೇಲಿಗೆ ಹುಲ್ಲು ತಾಗಿದರೆ ಕರೆಂಟು ಭೂಮಿಗೆ ಇಳಿಯುತ್ತದೆ. ರೈಲ್ವೆ ಹಳಿಯ ಬೇಲಿ ಗಟ್ಟಿ, ಆದರೆ ಕಿಲೋಮೀಟರಿಗೆ ಕೋಟಿ ರೂಪಾಯಿ ದಾಟುತ್ತದೆ. ಬಂದವರಿಗೆ ಇದೆಲ್ಲ ಗೊತ್ತಿದ್ದದ್ದೇ.

ದಿನದ ತಿರುಳು ಇದ್ದದ್ದು ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಮುಂದೆ. ನಿಯಮ ಒಂದೇ: ಮೊದಲ ನಲವತ್ತು ನಿಮಿಷ ಬರೀ ಪ್ರಶ್ನೆ. ವಿವರಣೆ ಕೊಡಬಾರದು, ಸಮರ್ಥನೆ ಬೇಡ, "ನೋಡೋಣ" ಎನ್ನುವ ಮಾತೂ ಬೇಡ. ಅಧಿಕಾರಿಯ ಬಾಯಲ್ಲಿ ಅದು ಮಾತು ಮುಗಿಸುವ ಪದ. ಕೇಳುವವರ ಕಿವಿಗೆ ಅದು ಕೊಟ್ಟ ಮಾತು. ಆರು ಜನರಲ್ಲಿ ಒಬ್ಬರು ಕೇಳುವುದು, ಒಬ್ಬರು ಬರೆದುಕೊಳ್ಳುವುದು, ಉಳಿದವರು ಸುಮ್ಮನಿರುವುದು. ಹನ್ನೆರಡನೇ ನಿಮಿಷದ ಹೊತ್ತಿಗೆ ಎರಡು ತಂಡಗಳಲ್ಲಿ ನಿಯಮ ಮುರಿಯಿತು. ಪರಿಹಾರ ತಡವಾಗುವುದಕ್ಕೆ ಕಾರಣ ಹೇಳಲು ಹೊರಟರು. ಅಲ್ಲಿಗೆ ತೋಟದ ಹೆಂಗಸರು ಮಾತು ನಿಲ್ಲಿಸಿದರು.

ಹೊತ್ತಿನ ಲೆಕ್ಕವನ್ನೂ ಹೇಳಬೇಕು. ಕೊಯ್ಲಿನ ಕೂಲಿ ಕಿಲೋ ಲೆಕ್ಕದ್ದು. ಒಂದು ಗಂಟೆ ಮಾತಿಗೆ ಕೂರಿಸಿದರೆ ಅಷ್ಟು ಹಣ್ಣಿನ ದುಡ್ಡು ಹೋಯಿತು. ಹಾಗಾಗಿ ಬೆಳಗಿನ ಚಹಾ ವೇಳೆಯಲ್ಲಿ ಕೆಲವರನ್ನು, ಸಂಜೆ ಹಣ್ಣು ತೂಕ ಹಾಕುವಲ್ಲಿ ಉಳಿದವರನ್ನು ಮಾತಾಡಿಸಬೇಕು. ಅದೂ ಆಗದಿದ್ದರೆ ಆ ಹೊತ್ತಿನ ಕೂಲಿ ಕೊಡಬೇಕು. ದುಭಾಷಿಯನ್ನು ಇಲಾಖೆಯ ಸಿಬ್ಬಂದಿಯಿಂದ ಆರಿಸಬಾರದು. ಹೊರರಾಜ್ಯದ ಅಧಿಕಾರಿಗಳಿಗೆ ಹಿಂದಿಯಲ್ಲಿ ಹೇಳುವಾಗ, "ಸತ್ತ ಮೇಲೆ ಬರ್ತೀರಿ, ಮುಂಚೆ ಯಾಕೆ ಬರಲ್ಲ" ಎಂದದ್ದು "ಸಿಬ್ಬಂದಿ ಕೊರತೆ ಬಗ್ಗೆ ಅಸಮಾಧಾನವಿದೆ" ಎಂದಾಗಿಬಿಡುತ್ತದೆ. ಮೇಲಧಿಕಾರಿಯ ಮುಂದೆ ಮಾತು ಮೆತ್ತಗಾಗುವುದು ಸಹಜ, ಆದರೆ ಕಲಿಯಬೇಕಾದ್ದು ಆ ಗಡಸಿನಲ್ಲೇ ಇದೆ. ಕಾಡು ಕಾಯುವ ವಾಚರ್‌ಗಳನ್ನೂ ಅಷ್ಟೇ, ಅವರ ಆರ್‌ಎಫ್‌ಒ ಕಣ್ಣಿಗೆ ಬೀಳದ ಕಡೆ ಮಾತಾಡಿಸಬೇಕು.

ಮಧ್ಯಾಹ್ನ ಮೂರಕ್ಕೆ ಅಭ್ಯಾಸ. ಪ್ರತಿ ತಂಡಕ್ಕೂ ಒಂದು ಚೀಟಿ: ತೋಟದ ರಸ್ತೆಯಲ್ಲಿ ಕಾರ್ಮಿಕರೊಬ್ಬರು ಆನೆ ದಾಳಿಯಲ್ಲಿ ತೀರಿಕೊಂಡಿದ್ದಾರೆ, ಶವವಿಟ್ಟು ಜನ ರಸ್ತೆ ತಡೆದಿದ್ದಾರೆ, ಇವತ್ತೇ ಆನೆ ಹಿಡಿಯಿರಿ ಎನ್ನುತ್ತಿದ್ದಾರೆ, ಫೋನು ಬಿಡದೆ ಬಡಿದುಕೊಳ್ಳುತ್ತಿದೆ. ನಲವತ್ತೈದು ನಿಮಿಷದಲ್ಲಿ ಒಂದೇ ಹಾಳೆಯಲ್ಲಿ ನಿರ್ಧಾರ ಬರೆಯಬೇಕು.

ನಾಲ್ಕರಲ್ಲಿ ಮೂರು ಹಾಳೆ ಆನೆಯಿಂದ ಶುರುವಾಗಿದ್ದವು. ಶುರುವಾಗಬೇಕಾದ್ದು ಮನೆಯಿಂದ: ಕುಟುಂಬದ ಬಳಿ ಯಾರು ಹೋಗುತ್ತಾರೆ, ದಯಾತ್ಮಕ ಧನದ (ಪರಿಹಾರದ ಹಣದ) ಕಾಗದ ಯಾರ ಕೈಯಲ್ಲಿ, ಮಹಜರು ಎಷ್ಟು ಹೊತ್ತಿಗೆ, ಸುತ್ತಲಿನ ತೋಟಗಳಿಗೆ ಇವತ್ತು ಸಂಜೆಯ ಎಚ್ಚರಿಕೆ ಯಾರು ಕೊಡುತ್ತಾರೆ. ಹಿಡಿಯುವ ಮಾತು ಆಮೇಲಿನದು. ಆನೆ ಮೊದಲನೇ ಅನುಸೂಚಿಯ ಪ್ರಾಣಿ. 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ನಮೂದಿಸಿ ಲಿಖಿತ ಆದೇಶ ಕೊಡಬೇಕು. ಅದಕ್ಕೂ ಮುಂಚೆ ಇದೇ ಆನೆ ಎಂದು ಗೊತ್ತಾಗಬೇಕು: ದಂತದ ಬಾಗು, ಕಿವಿಯ ಹರುಕು, ಬಾಲದ ಕೂದಲು, ಹಳೆಯ ಫೋಟೋಗಳ ಜೊತೆ ತಾಳೆ. ಗುರುತು ತಪ್ಪಿದರೆ ಬೇರೊಂದು ಆನೆ ಕ್ರಾಲ್‌ಗೆ (ಹಿಡಿದ ಆನೆಯನ್ನು ಕೂಡಿಹಾಕುವ ಮರದ ದೊಡ್ಡಿಗೆ) ಹೋಗುತ್ತದೆ, ಕೊಂದ ಆನೆ ತೋಟದಲ್ಲೇ ಉಳಿಯುತ್ತದೆ. ಬೆಳಕು ಹೋಗುವ ಹೊತ್ತಿನಲ್ಲಿ ಅರಿವಳಿಕೆ ಹೊಡೆಯಬಾರದು. ಚುಚ್ಚಿದ ಆನೆ ನಿಂತಲ್ಲೇ ಬೀಳುವುದಿಲ್ಲ, ಓಡುತ್ತದೆ. ಹಳ್ಳಕ್ಕೆ ಬಿದ್ದರೆ ಕತ್ತಲಲ್ಲಿ ಯಾರೂ ಏನೂ ಮಾಡಲಾರರು.

ಇಲ್ಲಿ ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ ಸಾಕಾನೆ ಅರ್ಜುನ ಇದೇ ತಾಲ್ಲೂಕಿನ ಯಸಳೂರು ಭಾಗದಲ್ಲಿ, 2023ರ ಡಿಸೆಂಬರ್ 4ರಂದು ಸೆರೆ ಕಾರ್ಯಾಚರಣೆಯ ನಡುವೆ ಕಾಡಾನೆಯೊಂದಿಗೆ ಕಾದಾಡಿ ಸತ್ತ. ಕಾಗದದ ಮೇಲೆ "ಕುಮ್ಕಿ ಆನೆ ತರಿಸುವುದು" (ಕಾಡಾನೆ ಹಿಡಿಯಲು ಪಳಗಿಸಿದ ಆನೆ) ಎಂದು ಬರೆಯುವ ಪ್ರತಿಯೊಬ್ಬರೂ ಆ ಸಾಲಿನ ಭಾರ ತಿಳಿದು ಬರೆಯಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಕಡೆಯದಾಗಿ ತೊಂಬತ್ತು ದಿನದ ಯೋಜನೆ. ಇಂಥ ತರಬೇತಿಗಳಲ್ಲಿ ಬರೆದ ಯೋಜನೆ ಸಾಯುವುದು ವರ್ಗಾವಣೆಯಲ್ಲಿ. ಅದಕ್ಕೇ ಹಾಳೆಯ ಹಿಂಬದಿಯಲ್ಲಿ ನಾಲ್ಕು ಸಾಲಿನ ಹಸ್ತಾಂತರ ಟಿಪ್ಪಣಿ ಕಡ್ಡಾಯ: ಯಾರಿಗೆ ಏನು ಮಾತು ಕೊಟ್ಟಾಗಿದೆ, ಯಾವ ಕಡತ ಎಲ್ಲಿ ನಿಂತಿದೆ, ಕೆಳಗಿನ ಯಾರಿಗೆ ಇದೆಲ್ಲ ಗೊತ್ತು, ಮುಂದಿನ ತಾರೀಖು ಯಾವುದು.

ಕತ್ತಲಾಗುವ ಮುಂಚೆ ಒಂದು ತಂಡ ಮರುದಿನ ಬೆಳಗಿನ ಎಚ್ಚರಿಕೆ ಸಂದೇಶದ ಮಾದರಿ ಬರೆಯಿತು. ಸರ್ವೆ ನಂಬರು, ಅರಣ್ಯದ ಬೀಟಿನ ಹೆಸರು, ಅಕ್ಷಾಂಶ, ರೇಖಾಂಶ ಎಲ್ಲವೂ ಇತ್ತು. ರೈಟರ್ ಓದಿ ನೋಡಿ, "ಸಾರ್, ಈ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಇದು ಹಲಸಿನ ಮರದ ಬ್ಲಾಕು" ಎಂದರು. ಹಿರಿಯ ಅಧಿಕಾರಿ ಪೆನ್ನು ತೆಗೆದು ಸರ್ವೆ ನಂಬರು ಹೊಡೆದುಹಾಕಿ, ಹಲಸಿನ ಮರದ ಬ್ಲಾಕು ಎಂದು ಬರೆದು, ಇನ್ನೊಮ್ಮೆ ಓದಿ ಹೇಳಿ ಎಂದು ಹಾಳೆಯನ್ನು ಅವರ ಕೈಗೇ ಕೊಟ್ಟರು.